ದ ಫ್ಯಾಂಟಮ್ ಪೇನ್: ಹತ್ತಕ್ಕೆ ಹತ್ತು ಕೊಟ್ಟ ವಿಮರ್ಶಕರು ಎರಡನೆಯ ಅಧ್ಯಾಯವನ್ನು ಆಡಿದ್ದರೇ?

ಸಾಲಗಾಮೆ ರಸ್ತೆ (ಹಾಸನ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಥೆಯ ಕೊನೆಯವರೆಗಿನ ಗುಟ್ಟುಗಳು ಈ ಚರ್ಚೆಯಲ್ಲಿ ಬರಲಿವೆ. ಇನ್ನೂ ಆಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

‘ಮೆಟಲ್ ಗಿಯರ್ ಸಾಲಿಡ್ 5: ದ ಫ್ಯಾಂಟಮ್ ಪೇನ್’ ಎಂಬ, ಶತ್ರುಗಳ ಠಾಣೆಗಳಿಗೆ ಅಡಗಿ ನುಗ್ಗುವ ವಿಡಿಯೋ ಆಟ 2015ರ ಸೆಪ್ಟೆಂಬರ್ 1ರಂದು ಬಿಡುಗಡೆಯಾದಾಗ ನಾನು ಎಂಟನೆಯ ತರಗತಿಯಲ್ಲಿದ್ದೆ. ಹಾಸನದಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ತೆಗೆದುಕೊಂಡು ಆಡಲು ಬಿಡುತ್ತಿದ್ದ ಒಂದು ಸಣ್ಣ ಅಂಗಡಿಯಿತ್ತು. ದುಡ್ಡಿದ್ದವರು ಆಡುವುದನ್ನು ಅವರ ಬೆನ್ನ ಹಿಂದೆ ನಿಂತು ನೋಡುವುದಷ್ಟೇ ನನ್ನ ಪಾಲಿಗೆ ಬಂದದ್ದು. ಮೂರ್ಛೆ ಹೋದ ಕಾವಲುಗಾರನ ಮೈಗೆ ಬಲೂನು ಕಟ್ಟಿ ಸರ‍್ರನೆ ಆಕಾಶಕ್ಕೆ ಹಾರಿಸಿದಾಗ ಅಂಗಡಿಯೆಲ್ಲ ಹೋ ಎಂದು ನಕ್ಕದ್ದು ಇಂದಿಗೂ ಕಿವಿಯಲ್ಲಿದೆ. ಈಗ ಕೆಲಸಕ್ಕೆ ಸೇರಿ, ಸ್ವಂತ ಕಂಪ್ಯೂಟರ್ ಕೊಂಡು, ಬೆಲೆ ಇಳಿದಾಗ ಈ ಆಟವನ್ನೂ ಕೊಂಡು, ಮೂರು ತಿಂಗಳ ರಾತ್ರಿಗಳನ್ನು ಅದಕ್ಕೇ ಮೀಸಲಿಟ್ಟು ಮುಗಿಸಿದ್ದೇನೆ.

ಕಥೆಯ ಸುಳಿವು ಸಿಗಬಾರದೆಂದು ಅಲ್ಲಿಯವರೆಗೆ ಒಂದೂ ವಿಮರ್ಶೆಯನ್ನು ಓದಿರಲಿಲ್ಲ. ಮುಗಿಸಿದ ಮೇಲೆ ಒಂದೊಂದಾಗಿ ಓದುತ್ತ ಹೋದಂತೆ ಗೊಂದಲವೇ ಹೆಚ್ಚಾಯಿತು. ವಿಮರ್ಶಾ ಜಾಲತಾಣಗಳಲ್ಲಿ ಐಜಿಎನ್ ಹತ್ತಕ್ಕೆ ಹತ್ತು, ಗೇಮ್‌ಸ್ಪಾಟ್ ಹತ್ತಕ್ಕೆ ಹತ್ತು, ಜಪಾನಿನ ಫಾಮಿತ್ಸು ಪತ್ರಿಕೆ 40ಕ್ಕೆ 40 ಕೊಟ್ಟಿವೆ. ವಿಮರ್ಶೆಗಳ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ ಸರಾಸರಿ 93. ಮೊದಲ ಅಧ್ಯಾಯದ 31 ಮಿಷನ್‌ಗಳ (ಕಾರ್ಯಾಚರಣೆಗಳ) ಮಟ್ಟಿಗೆ ಈ ಹೊಗಳಿಕೆಯ ಒಂದಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡನೆಯ ಅಧ್ಯಾಯ? ಹೊಸ ಶೀರ್ಷಿಕೆ, ಮುಂದೆ ಬರಲಿರುವುದರ ತುಣುಕುಗಳನ್ನು ಪೋಣಿಸಿದ ಭರ್ಜರಿ ಟ್ರೇಲರ್, ಅದೆಲ್ಲ ಆದ ಮೇಲೆ ನೋಡಿದರೆ ಪಟ್ಟಿಯಲ್ಲಿರುವ ಹಲವು ಮಿಷನ್‌ಗಳು ನಾನು ಆಗಲೇ ಆಡಿ ಬಿಟ್ಟವು. ಒಂದರಲ್ಲಿ ಶತ್ರುಗಳ ಹೊಡೆತ ಜಾಸ್ತಿ, ಇನ್ನೊಂದರಲ್ಲಿ ಕೈಯಲ್ಲಿ ಆಯುಧವಿಲ್ಲದೆ ಇಳಿಯಬೇಕು, ಮತ್ತೊಂದರಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ಅಲ್ಲಿಗೇ ಮುಗಿಯಿತು. ಇಡೀ ಕಥೆಯ ಗುಟ್ಟು ಬಿಚ್ಚುವ 46ನೆಯ ಮಿಷನ್ ಕೂಡ ಆರಂಭದ ಆಸ್ಪತ್ರೆಯ ಭಾಗವನ್ನೇ ಬಹುಪಾಲು ಮತ್ತೆ ಆಡಿಸುತ್ತದೆ. ಈಲೈ ಎಂಬ ಹುಡುಗ ಕಥೆಯಲ್ಲಿ ಬರುವ ದೈತ್ಯ ಯುದ್ಧಯಂತ್ರವನ್ನು ಕದ್ದುಕೊಂಡು ಹೋದವನು ಹೋದನೇ. ಅವನ ಕಥೆಯನ್ನು ಮುಗಿಸಬೇಕಾಗಿದ್ದ 51ನೆಯ ಮಿಷನ್ ಆಟದಲ್ಲಿಲ್ಲ. ಅರ್ಧಂಬರ್ಧ ಸಿದ್ಧವಾಗಿದ್ದ ಅದರ ದೃಶ್ಯಗಳನ್ನು ಸಂಗ್ರಾಹಕರ ಆವೃತ್ತಿಯ ಹೆಚ್ಚುವರಿ ಡಿಸ್ಕಿನಲ್ಲಿ ತುಂಬಿ ಕೊಟ್ಟಿದ್ದಾರೆ.

ನಮ್ಮ ಗೆಳೆಯರ ಬಳಗ ಹೊರತರುವ ಸಣ್ಣ ಪತ್ರಿಕೆಗೆ ಈ ಆಟದ ಬಗ್ಗೆ ಲೇಖನ ಬರೆಯಲು ಒಪ್ಪಿಕೊಂಡಿದ್ದೇನೆ. ವಿಮರ್ಶಕರು ಮುಗಿಸದೆಯೇ ಅಂಕ ಕೊಟ್ಟರೇ, ಮುಗಿಸಿಯೂ ಮನ್ನಿಸಿದರೇ, ಅಥವಾ ನಾನು ಕೇಳಬಾರದ್ದನ್ನು ಕೇಳುತ್ತಿದ್ದೇನೆಯೇ? ಆಗಲೇ ಆಡಿದ್ದವರು, ಆ ದಿನಗಳ ಚರ್ಚೆಯನ್ನು ಕಂಡವರು ದಯವಿಟ್ಟು ತಿಳಿಸಬೇಕು.


ಬೆಳೆಗಾರ (ಮೂಡಿಗೆರೆ) ಬರೆದದ್ದು:

2015ರ ಮಳೆಗಾಲದ ಕೊನೆಯಲ್ಲಿ, ಕಾಫಿ ತೋಟದ ಮನೆಯಲ್ಲಿ, ಇನ್ವರ್ಟರ್ ಎಷ್ಟು ಹೊತ್ತು ತಡೆಯುತ್ತದೆ ಎಂದು ಲೆಕ್ಕ ಹಾಕುತ್ತ ಈ ಆಟವನ್ನು ಆಡಿದವನು ನಾನು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಡೆದ ಸಂಗತಿ. ಆಟ ಮಾರುಕಟ್ಟೆಗೆ ಬರುವುದಕ್ಕೆ ಒಂದು ವಾರ ಮೊದಲೇ ವಿಮರ್ಶೆಗಳು ಹೊರಬಿದ್ದಿದ್ದವು. ಅವುಗಳನ್ನು ಬರೆದವರಲ್ಲಿ ಅನೇಕರ ಮನೆಗೆ ಆಟದ ಪ್ರತಿ ಬಂದಿರಲಿಲ್ಲ. ಪ್ರಕಾಶಕರಾದ ಕೊನಾಮಿಯವರು ಏರ್ಪಡಿಸಿದ್ದ ಸ್ಥಳಕ್ಕೇ ಹೋಗಿ, ಐದು ದಿನ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಕಚೇರಿಗೆ ಹೋದಂತೆ ಹೋಗಿ ಕುಳಿತು ಆಡಬೇಕಾಗಿತ್ತು. ಕೂಡಿಸಿದರೆ ಹೆಚ್ಚೆಂದರೆ 40 ಗಂಟೆ. ನಾನು ಕೊನೆ ಮುಟ್ಟುವ ಹೊತ್ತಿಗೆ ಗಡಿಯಾರ 90 ಗಂಟೆ ತೋರಿಸುತ್ತಿತ್ತು. ಈ ‘ಬೂಟ್ ಕ್ಯಾಂಪ್’ ಪದ್ಧತಿಯ ಬಗ್ಗೆ ಆಗಲೇ ಆಕ್ಷೇಪಗಳಿದ್ದವು: ಪ್ರಕಾಶಕರ ಛಾವಣಿಯ ಕೆಳಗೆ, ಅವರ ಗಡಿಯಾರ ನೋಡಿಕೊಂಡು ಆಡಿದವನ ಅನುಭವವನ್ನು ದುಡ್ಡು ಕೊಟ್ಟು ಕೊಂಡವನ ಅನುಭವಕ್ಕೆ ಹೋಲಿಸುವುದು ಹೇಗೆ? ಬೇರೆ ಆಟಗಾರರ ನೆಲೆಗಳಿಗೆ ನುಗ್ಗುವ ಆನ್‌ಲೈನ್ ಭಾಗವಂತೂ ಆಗ ತೆರೆದೇ ಇರಲಿಲ್ಲ. ಮುಂದೆ ಅಕ್ಟೋಬರಿನಲ್ಲಿ ಆ ನೆಲೆಗಳಿಗೆ ನಿಜವಾದ ಹಣದಲ್ಲಿ ‘ವಿಮೆ’ ಮಾರಲು ಹೊರಟಾಗ ಎದ್ದ ಗಲಾಟೆಗೆ ಮೊದಲ ವಿಮರ್ಶೆಗಳಲ್ಲಿ ಜಾಗ ಸಿಗುವುದು ಸಾಧ್ಯವೇ ಇರಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ‘ಹಾಗಾದರೆ ಅಂಕಗಳೆಲ್ಲ ಸುಳ್ಳು’ ಎಂಬ ತೀರ್ಮಾನಕ್ಕೆ ಬರುವುದನ್ನು ನಾನು ಒಪ್ಪುವುದಿಲ್ಲ. ಆ ಪೂರ್ಣಾಂಕಗಳು ಯಾವುದಕ್ಕೆ ಸಂದವು ಎಂಬುದನ್ನು ನೋಡಬೇಕು. ಓಪನ್ ವರ್ಲ್ಡ್ ಆಟಗಳಲ್ಲಿ, ಅಂದರೆ ದೊಡ್ಡ ಬಯಲಿನಲ್ಲಿ ಬೇಕಾದಲ್ಲಿ ಓಡಾಡಬಹುದಾದ ಆಟಗಳಲ್ಲಿ, ಅಡಗಿ ನಡೆಯುವುದು ಅಲ್ಲಿಯವರೆಗೆ ಹೆಚ್ಚಾಗಿ ಒಂದು ಉಪಕಸುಬಾಗಿತ್ತು: ಪೊದೆಯಲ್ಲಿ ಕುಳಿತುಕೊಳ್ಳಿ, ಸಿಳ್ಳೆ ಹಾಕಿ, ಬಂದವನ ಕುತ್ತಿಗೆ ಹಿಡಿಯಿರಿ. ಈ ಆಟ ಏನು ಮಾಡಿತು ಎಂಬುದಕ್ಕೆ ಒಂದೇ ಒಂದು ರಾತ್ರಿಯ ಉದಾಹರಣೆ ಕೊಡುತ್ತೇನೆ.

ಅಫ್ಘಾನಿಸ್ತಾನದ ಒಂದು ಸಣ್ಣ ಸೋವಿಯತ್ ಠಾಣೆ. ಮೂರು ಗುಡಾರ, ಒಂದು ಕಾವಲು ಗೋಪುರ, ಐದಾರು ಜನ. ನನಗೆ ಹೆಡ್‌ಶಾಟ್ ಹೊಡೆಯುವ ಚಟ. ಮಲಗಿಸುವ ಪಿಸ್ತೂಲಿನಲ್ಲಿ ಒಬ್ಬೊಬ್ಬರ ಹಣೆಗೆ ಗುರಿಯಿಟ್ಟು, ಒಂದು ವಾರ ಅದೇ ರೀತಿಯಲ್ಲಿ ಠಾಣೆಗಳನ್ನು ಖಾಲಿ ಮಾಡಿದೆ. ಆಮೇಲೆ ನೋಡಿದರೆ ಕಾವಲುಗಾರರ ತಲೆಯ ಮೇಲೆ ಉಕ್ಕಿನ ಶಿರಸ್ತ್ರಾಣ! ಪಿಸ್ತೂಲಿನ ಸೂಜಿ ಟಣ್ ಎಂದು ಸಿಡಿದು ಬೀಳುತ್ತದೆ. ಸರಿ, ರಾತ್ರಿ ಹೊತ್ತು ಹೋಗೋಣವೆಂದರೆ ಸ್ವಲ್ಪ ದಿನಕ್ಕೆ ಅವರಿಗೆ ಟಾರ್ಚು, ಕತ್ತಲಲ್ಲಿ ಕಾಣುವ ಕನ್ನಡಕ. ನಮ್ಮ ಚಟವೇ ಅವರಿಗೆ ಪಾಠವಾಗುತ್ತದೆ. ಆಮೇಲೆ ನಮ್ಮ ಸೈನಿಕರ ತಂಡವನ್ನು ಬೇರೆ ಕಡೆಗೆ ಕಳಿಸಿ ಶಿರಸ್ತ್ರಾಣ ಸಾಗಿಸುವ ಸರಬರಾಜನ್ನೇ ಕಡಿದುಹಾಕಿದರೆ ಮತ್ತೆ ಕೆಲವು ಕಾಲ ಅವರ ತಲೆ ಬರಿದು. ನಮ್ಮ ಕಡೆ ತೋಟಕ್ಕೆ ಬರುವ ಆನೆಗಳದ್ದೂ ಇದೇ ಕಥೆ. ಮೊದಲು ಪಟಾಕಿಯ ಸದ್ದಿಗೆ ಓಡುತ್ತಿದ್ದವು ಈಗ ಕಿವಿ ಆಡಿಸುತ್ತ ನಿಂತೇ ಇರುತ್ತವೆ, ಕಾಯುವವರೇ ಹೊಸ ಉಪಾಯ ಹುಡುಕಬೇಕು. ಒಂದು ವಿಡಿಯೋ ಆಟ ನನ್ನನ್ನು ಆನೆಯ ಜಾಗದಲ್ಲಿ ನಿಲ್ಲಿಸಿದ್ದು ಅದೇ ಮೊದಲು.

ವಿಮರ್ಶಕರು ಹೊಗಳಿದ್ದು ಈ ಹೆಣಿಗೆಯನ್ನು. 40 ಗಂಟೆಯಲ್ಲಿ ಈ ಹೆಣಿಗೆ ಪೂರ್ತಿಯಾಗಿ ಕೈಗೆ ಸಿಗುತ್ತದೆ, ಅದಕ್ಕೆ ಕಥೆಯ ಕೊನೆ ಬೇಕಾಗುವುದಿಲ್ಲ. ಜೊತೆಗೆ ಈ ಆಟವನ್ನು ಓಡಿಸುವ ತಂತ್ರಾಂಶವಾದ ಫಾಕ್ಸ್ ಎಂಜಿನ್‌ನ ನಯಗಾರಿಕೆಯನ್ನೂ ಮರೆಯಬಾರದು. ಪಿಎಸ್4 ಎಂಬ ಆಟದ ಯಂತ್ರದಲ್ಲಿ ಸೆಕೆಂಡಿಗೆ 60 ಫ್ರೇಮುಗಳಂತೆ ಅಷ್ಟು ದೊಡ್ಡ ಬಯಲು ತಡವರಿಸದೆ ಓಡುತ್ತಿತ್ತು, ಸಾಧಾರಣ ಕಂಪ್ಯೂಟರುಗಳಲ್ಲೂ ಚೆನ್ನಾಗಿ ನಡೆಯುತ್ತದೆ ಎಂಬ ಹೆಸರಿತ್ತು. ಹಿಂದಿನ ವರ್ಷವಷ್ಟೇ ‘ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ’ ಎಂಬ ಇನ್ನೊಂದು ಆಟ ದೋಷಗಳ ಮೂಟೆಯಾಗಿ ಹೊರಬಂದು, ಅದರ ವಿಮರ್ಶೆಗಳನ್ನು ಬಿಡುಗಡೆಯ ದಿನದ ಮಧ್ಯಾಹ್ನದವರೆಗೆ ತಡೆಹಿಡಿದಿದ್ದ ಪ್ರಸಂಗ ಎಲ್ಲರ ಮನಸ್ಸಿನಲ್ಲಿ ಹಸಿಯಾಗಿತ್ತು. ಹಾಗೆ ನೋಡಿದರೆ ವಾರ ಮೊದಲೇ ವಿಮರ್ಶೆಗೆ ಬಿಟ್ಟ ಆಟ ಧೈರ್ಯದ್ದೆಂದೇ ಕಾಣುತ್ತಿತ್ತು.

ಇನ್ನೊಂದು ಸಂಗತಿ ಲೇಖನದಲ್ಲಿ ಬರಲೇಬೇಕು. ನಿರ್ದೇಶಕ ಹಿಡಿಯೊ ಕೊಜಿಮಾ ಮತ್ತು ಕೊನಾಮಿಯ ನಡುವೆ ಬಿರುಕು ಬಿಟ್ಟಿರುವ ಸುದ್ದಿ 2015ರ ಮಾರ್ಚಿನಲ್ಲೇ ಹೊರಬಂದಿತ್ತು. ಆಟದ ಹೊದಿಕೆಯ ಚಿತ್ರದಿಂದ ಅವರ ಹೆಸರು ಮಾಯವಾಯಿತು. ಅದೇ ಡಿಸೆಂಬರಿನ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ಆಟಕ್ಕೆ ಶ್ರೇಷ್ಠ ಆ್ಯಕ್ಷನ್-ಅಡ್ವೆಂಚರ್ ಆಟವೆಂಬ ಪ್ರಶಸ್ತಿ ಬಂದಾಗ, ಕೊನಾಮಿಯ ವಕೀಲರು ಬರಗೊಡಲಿಲ್ಲವೆಂಬ ಕಾರಣಕ್ಕೆ ಕೊಜಿಮಾ ವೇದಿಕೆಯ ಮೇಲಿರಲಿಲ್ಲ. ನಾಯಕನಿಗೆ ದನಿ ಕೊಟ್ಟ ಕೀಫರ್ ಸದರ್ಲೆಂಡ್ ಅದನ್ನು ಸ್ವೀಕರಿಸಿದರು. ಕೆಲವೇ ದಿನಗಳಲ್ಲಿ ಕೊಜಿಮಾ ಸ್ವತಂತ್ರ ಸಂಸ್ಥೆ ಕಟ್ಟಿದರು. ಇದರಿಂದಾಗಿ ಎರಡನೆಯ ಅಧ್ಯಾಯದ ಬಡತನವನ್ನು ಓದುವ ಬಗೆಯೇ ಬದಲಾಯಿತು. ಆಗಸ್ಟಿನಲ್ಲಿ ‘ಪುನರಾವರ್ತನೆ’ ಎನಿಸಿಕೊಂಡದ್ದು ಡಿಸೆಂಬರಿನ ಹೊತ್ತಿಗೆ ‘ಕತ್ತರಿಸಿದ ಗಾಯ’ ಎನಿಸಿಕೊಂಡಿತು. ಆಟದೊಳಗೆ ಒಂದು ಸಾಲೂ ಬದಲಾಗಿರಲಿಲ್ಲ.


ಕೆರೆ ಏರಿ (ಅರಸೀಕೆರೆ) ಬರೆದದ್ದು:

ಬೆಳೆಗಾರರ ಮಾತಿಗೆ ಒಂದು ಸಣ್ಣ ಜೋಡಣೆ ಮಾತ್ರ. ಪುನರಾವರ್ತನೆಯನ್ನು ವಿಮರ್ಶಕರು ಯಾವಾಗಲೂ ಮನ್ನಿಸುತ್ತಾರೆಂದು ಪ್ರಶ್ನೆ ಕೇಳಿದವರು ತಿಳಿಯಬಾರದು. 2007ರ ಮೊದಲ ‘ಅಸ್ಯಾಸಿನ್ಸ್ ಕ್ರೀಡ್’ಗೆ ಬಿದ್ದ ಮುಖ್ಯ ಏಟೇ ಅದು. ಕೊಲ್ಲಬೇಕಾದ ಒಂಬತ್ತು ಜನ; ಪ್ರತಿಯೊಬ್ಬನಿಗೂ ಮುನ್ನ ಅದೇ ಬೆಂಚಿನ ಮೇಲೆ ಕುಳಿತು ಕದ್ದು ಕೇಳುವುದು, ಅದೇ ಜೇಬುಗಳ್ಳತನ, ಅದೇ ಗೋಪುರ ಹತ್ತುವುದು. ಬೇರೆ ರೀತಿಯಲ್ಲಿ ಮಾಡೋಣವೆಂದರೂ ದಾರಿಯಿರಲಿಲ್ಲ. ಫ್ಯಾಂಟಮ್ ಪೇನ್‌ನಲ್ಲಿ ಜಾಗ ಮರುಕಳಿಸುತ್ತದೆ, ದಾರಿ ಮರುಕಳಿಸಲೇಬೇಕೆಂಬ ಕಟ್ಟಳೆಯಿಲ್ಲ. ಅಲ್ಲಿ ಅಂಕ ಕಳೆದದ್ದೂ ಸರಿ, ಇಲ್ಲಿ ಕಳೆಯದಿದ್ದುದೂ ಬಹುಮಟ್ಟಿಗೆ ಸರಿ.

ಅಂದ ಹಾಗೆ, ಯೂರೋಗೇಮರ್ ಎಂಬ ವಿಮರ್ಶಾ ಜಾಲತಾಣದವರು ಅದೇ 2015ರ ಫೆಬ್ರವರಿಯಲ್ಲಿ ಅಂಕ ಕೊಡುವುದನ್ನೇ ಬಿಟ್ಟರು. ಬುದ್ಧಿವಂತರು.


ಬಿಸಿಲೆ ಘಾಟಿ (ಸಕಲೇಶಪುರ) ಬರೆದದ್ದು:

ಮೇಲಿನ ಇಬ್ಬರೂ ಕೈಯ ಕೆಲಸದ, ಅಂದರೆ ಆಡುವ ಬಗೆಯ, ಕುರಿತು ಹೇಳಿದ್ದಾರೆ. ವಿಮರ್ಶಕರು ಕಥೆಯನ್ನು ಹೇಗೆ ಕಂಡರು ಎಂಬುದರ ಬಗ್ಗೆ ನನಗೆ ಬೇರೆಯೇ ತಕರಾರಿದೆ.

ಕಥೆಯ ಬಗೆಗಿನ ದೂರುಗಳು ಎಲ್ಲರಿಗೂ ಗೊತ್ತು. 2008ರಲ್ಲಿ ಬಂದ ಈ ಸರಣಿಯ ನಾಲ್ಕನೆಯ ಆಟದಲ್ಲಿ ಕಟ್‌ಸೀನ್‌ಗಳು (ಆಡದೆ ಸುಮ್ಮನೆ ನೋಡುವ ದೃಶ್ಯಗಳು) ವಿಪರೀತ ಉದ್ದವೆಂದು ಬೈಸಿಕೊಂಡಿದ್ದ ಕೊಜಿಮಾ ಇಲ್ಲಿ ಕಥೆಯ ಬಹುಭಾಗವನ್ನು ಕ್ಯಾಸೆಟ್ಟುಗಳಿಗೆ ತುಂಬಿದರು. ಕುದುರೆಯ ಮೇಲೆ ಹೋಗುತ್ತ ಕೇಳಿಕೊಳ್ಳಬಹುದು, ಬೇಡವಾದರೆ ಬಿಡಬಹುದು. ಕೆಲವರಿಗೆ ಇದು ಹಿಡಿಸಿತು, ಇನ್ನು ಕೆಲವರಿಗೆ ಕಥೆಯೇ ಇಲ್ಲವೆಂದು ತೋರಿತು. ನಾಯಕ ಸ್ನೇಕ್ ಬಾಯಿ ಬಿಡುವುದೇ ಅಪರೂಪ. 30ನೆಯ ಮಿಷನ್ನಿನಲ್ಲಿ ಖಳನಾಯಕ ಸ್ಕಲ್ ಫೇಸ್ ಜೀಪಿನಲ್ಲಿ ಎದುರು ಕುಳಿತು ತನ್ನ ಬದುಕನ್ನೆಲ್ಲ ತೋಡಿಕೊಂಡರೂ ಸ್ನೇಕ್ ಮಿಕಿಮಿಕಿ ನೋಡುತ್ತ ಕೂರುತ್ತಾನೆ, ಹಿನ್ನೆಲೆಯಲ್ಲಿ ಹಾಡು ಬೇರೆ. ಆ ದೃಶ್ಯ ನಗೆಪಾಟಲಾಯಿತು. ಪ್ರತಿ ಮಿಷನ್ನಿನ ಆರಂಭದಲ್ಲೂ ಟಿವಿ ಧಾರಾವಾಹಿಯಂತೆ ಹೆಸರುಗಳ ಪಟ್ಟಿ ತೋರಿಸಿ, ಯಾವ ಶತ್ರು ಎದುರಾಗಲಿದ್ದಾನೆಂದು ಮೊದಲೇ ಬಯಲು ಮಾಡುವ ಪದ್ಧತಿಗೂ ಬೈಗುಳ ಬಿತ್ತು. ಇವೆಲ್ಲ ನ್ಯಾಯವೇ.

ಆದರೆ ಆ ಜೀಪಿನಲ್ಲಿ ಅವನು ಹೇಳುವುದೇನು? ತನ್ನ ಊರಿಗೆ ಪರದೇಶದ ಸೈನಿಕರು ಬಂದರು, ಆಳುವವರು ಬದಲಾದಂತೆಲ್ಲ ತಾನು ಆಡುವ ಭಾಷೆಯೂ ಬದಲಾಗಬೇಕಾಯಿತು, ಭಾಷೆಯೊಂದಿಗೆ ತಾನೂ ಬದಲಾದೆ ಎನ್ನುತ್ತಾನೆ. ಅವನ ಕೈಯಲ್ಲಿರುವ ಆಯುಧ ಗಂಟಲಿನಲ್ಲಿ ನೆಲೆಸುವ ಒಂದು ಪರೋಪಜೀವಿ. ಒಂದು ನಿರ್ದಿಷ್ಟ ಭಾಷೆಯನ್ನು ಆಡಿದವರನ್ನು ಮಾತ್ರ ಅದು ಕೊಲ್ಲುತ್ತದೆ. ಅವನು ಅಳಿಸಲು ಹೊರಟದ್ದು ಇಂಗ್ಲಿಷನ್ನು. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದ ಓದುಗರಿಗೆ ಇದು ವಿಜ್ಞಾನದ ಹೆಸರಿನಲ್ಲಿ ಹೇಳಿದ ಹುಚ್ಚು ಕಲ್ಪನೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆರನೆಯ ತರಗತಿಯಲ್ಲಿ, ಶಾಲೆಯ ಅಂಗಳದಲ್ಲಿ ಕನ್ನಡ ಮಾತಾಡಿದ್ದಕ್ಕೆ ಎರಡು ರೂಪಾಯಿ ದಂಡ ಕಟ್ಟಿದ ನನಗೆ ಮಾತ್ರ ಅವನ ಮಾತು ಹುಚ್ಚೆನಿಸಲಿಲ್ಲ. ಅವನ ಉಪಾಯ ಘೋರ, ಗಾಯ ನಿಜ.

ಇನ್ನೂ ಸಣ್ಣ ವಿವರವೊಂದಿದೆ. ಆಟದ ಆರಂಭದಲ್ಲಿ ಅಫ್ಘಾನಿಸ್ತಾನದ ಕಾವಲುಗಾರರು ರಷ್ಯನ್ನಿನಲ್ಲಿ ಮಾತಾಡಿಕೊಳ್ಳುತ್ತಾರೆ, ನಮಗೆ ಒಂದಕ್ಷರವೂ ತಿಳಿಯುವುದಿಲ್ಲ. ರಷ್ಯನ್ ಬಲ್ಲ ದುಭಾಷಿಯೊಬ್ಬನನ್ನು ಹುಡುಕಿ, ಹಿಡಿದು, ನಮ್ಮ ನೆಲೆಯಾದ ಮದರ್ ಬೇಸ್‌ಗೆ ಕಳಿಸಿದ ಮೇಲಷ್ಟೇ ಅವರ ಮಾತು ಪರದೆಯ ಕೆಳಗೆ ಅರ್ಥವಾಗುವ ಸಾಲುಗಳಾಗಿ ಮೂಡುತ್ತದೆ. ಆಫ್ರಿಕಾಕ್ಕೆ ಹೋದರೆ ಆಫ್ರಿಕಾನ್ಸ್, ಕಿಕೊಂಗೊ ಎಂದು ಮತ್ತೆ ಬೇರೆ ಬೇರೆ ದುಭಾಷಿಗಳು ಬೇಕು. ನಮ್ಮ ತೋಟದ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ಮೇಸ್ತ್ರಿಗೆ ಅವರ ಭಾಷೆ ಬಾರದು, ಅವರಿಗೆ ಕನ್ನಡ ಬಾರದು. ಅವರಲ್ಲೇ ಹಿಂದಿ ಬಲ್ಲ ಒಬ್ಬ ಹುಡುಗ ಊಟಕ್ಕೆ ಹೋದನೆಂದರೆ ರೈಟರ ಲೆಕ್ಕದ ಪುಸ್ತಕವೂ ಅವನು ಬರುವವರೆಗೆ ಮುಚ್ಚಿಕೊಂಡು ಕೂರುತ್ತದೆ. ದುಭಾಷಿಯನ್ನು ಹಿಡಿದು ತರುವ ಆ ಕೆಲಸವನ್ನು ಆಡುವಾಗ ನಾನು ನಕ್ಕದ್ದು ಇದಕ್ಕೇ. ಅಡಗಿ ನಡೆಯುವ ಆಟದಲ್ಲಿ ಕದ್ದು ಕೇಳುವುದು ಅರ್ಧ ಕೆಲಸ. ಕೇಳಿದ್ದು ಅರ್ಥವಾಗಬೇಕೆಂಬುದನ್ನು ಆಟದ ನಿಯಮವನ್ನಾಗಿಯೇ ಮಾಡಿದ್ದು ದೊಡ್ಡ ಯೋಚನೆ. ನಾನು ಓದಿದ ವಿಮರ್ಶೆಗಳಲ್ಲಿ ಇದಕ್ಕೆ ಅರ್ಧ ವಾಕ್ಯ ಸಿಕ್ಕಿದ್ದರೆ ಹೆಚ್ಚು.

ಈಗ ಕ್ವಾಯೆಟ್ ಎಂಬ ಪಾತ್ರದ ವಿಷಯ. ಯುದ್ಧಭೂಮಿಯಲ್ಲಿ ಬಿಕಿನಿ ತೊಟ್ಟು ಓಡಾಡುವ ಹೆಣ್ಣು ಬಂದೂಕುಗಾರ್ತಿ. 2013ರಲ್ಲೇ ಇದರ ಬಗ್ಗೆ ವಿವಾದ ಎದ್ದಾಗ, ಕಾರಣ ತಿಳಿದ ಮೇಲೆ ಟೀಕಿಸಿದವರೇ ತಮ್ಮ ಮಾತಿಗೆ ನಾಚಿಕೊಳ್ಳುತ್ತಾರೆ ಎಂಬ ಅರ್ಥದಲ್ಲಿ ಕೊಜಿಮಾ ಹೇಳಿದ್ದರು. ಆಟ ಕೊಟ್ಟ ಕಾರಣ, ಆಕೆ ಚರ್ಮದಿಂದ ಉಸಿರಾಡುತ್ತಾಳೆ ಎಂಬುದು. ಕ್ಷಮಿಸಿ, ನನಗೆ ನಾಚಿಕೆಯಾಗಲಿಲ್ಲ. ಮಳೆ ಬಂದಾಗ ಕ್ಯಾಮೆರಾ ಆಕೆಯ ಮೈಮೇಲೆ ಹರಿದಾಡುವುದಕ್ಕೂ ಉಸಿರಾಟಕ್ಕೂ ಏನು ಸಂಬಂಧ? ಹತ್ತಕ್ಕೆ ಹತ್ತು ಕೊಟ್ಟವರಲ್ಲಿ ಕೆಲವರು ಇದನ್ನು ಟೀಕಿಸಿಯೂ ಅಂಕ ಕಡಿಮೆ ಮಾಡಲಿಲ್ಲ. ವಿಷಾದವೆಂದರೆ ಇಡೀ ಕಥೆಯಲ್ಲಿ ಭಾಷೆಯ ಎಳೆಯನ್ನು ಅತ್ಯಂತ ಚೆನ್ನಾಗಿ ಹೊತ್ತಿರುವ ಪಾತ್ರವೂ ಅದೇ. ಆಕೆಯ ಗಂಟಲಿನಲ್ಲಿರುವುದು ಇಂಗ್ಲಿಷಿನ ಪರೋಪಜೀವಿ. ಇಂಗ್ಲಿಷ್ ಆಡಿದರೆ ಸುತ್ತಲಿನವರಿಗೆಲ್ಲ ಸಾವು ಹರಡುತ್ತದೆಂದು ಆಕೆ ಮೌನವಾಗಿದ್ದಾಳೆ, ಮೂಕಿಯಾದ್ದರಿಂದಲ್ಲ. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಮುದುಕನೊಬ್ಬನೊಡನೆ ನವಾಹೋ ಭಾಷೆಯಲ್ಲಿ ಮಾತಾಡುತ್ತಾಳೆ. ಕೊನೆಗೆ 45ನೆಯ ಮಿಷನ್ನಿನಲ್ಲಿ, ಮರಳು ಬಿರುಗಾಳಿಯೊಳಗೆ ಸಾಯುತ್ತಿರುವ ಸ್ನೇಕ್‌ನನ್ನು ಉಳಿಸಲು, ಹೆಲಿಕಾಪ್ಟರಿಗೆ ದಾರಿ ಹೇಳುವುದಕ್ಕಾಗಿ ಇಂಗ್ಲಿಷಿನಲ್ಲಿ ಬಾಯಿಬಿಟ್ಟು, ಆಮೇಲೆ ಎಲ್ಲರಿಂದ ದೂರ ನಡೆದುಹೋಗುತ್ತಾಳೆ.

ಗಮನಿಸಿ, ಅದೂ ನೀವು ಬೈದ ಎರಡನೆಯ ಅಧ್ಯಾಯದಲ್ಲೇ ಇದೆ. 43ನೆಯ ಮಿಷನ್ ಕೂಡ.


ಸಾಲಗಾಮೆ ರಸ್ತೆ (ಹಾಸನ) ಬರೆದದ್ದು:

ಬೆಳೆಗಾರ ಸರ್, ಬಿಸಿಲೆ ಮೇಡಂ, ಅರಸೀಕೆರೆಯವರು, ಎಲ್ಲರಿಗೂ ಋಣಿಯಾಗಿದ್ದೇನೆ. 43ನೆಯ ಮಿಷನ್ನಿನ ಮಾತು ಬಂದದ್ದರಿಂದ ಒಪ್ಪಿಕೊಂಡುಬಿಡುತ್ತೇನೆ. ನನ್ನದೇ ನೆಲೆಯಲ್ಲಿ, ನಾನೇ ಬಲೂನು ಕಟ್ಟಿ ತಂದು ಹೆಸರು ಹೆಸರಾಗಿ ಸೇರಿಸಿಕೊಂಡಿದ್ದ ಸೈನಿಕರು ಆ ಪರೋಪಜೀವಿಯ ಸೋಂಕು ತಗುಲಿ ಸಾಲಾಗಿ ನಿಂತಿದ್ದರು. ಕನ್ನಡಕ ಹಾಕಿ ನೋಡಿದರೆ ಗಂಟಲಿನಲ್ಲಿ ಬೆಳಕು ಕಾಣುತ್ತದೆ. ಹೊರಗೆ ಬಿಡುವಂತಿಲ್ಲ, ನಾನೇ ಗುಂಡು ಹಾರಿಸಬೇಕು. ಅವರು ಸೆಲ್ಯೂಟ್ ಹೊಡೆದು ಗುನುಗುತ್ತ ನಿಂತಾಗ ನಾನು ಕಂಟ್ರೋಲರ್ ಕೆಳಗಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ, ಅಷ್ಟು ಹೊತ್ತಿನಲ್ಲಿ ಬೇರೆ ಯಾವುದಾದರೂ ದಾರಿ ತೆರೆದಿರಬಹುದೆಂದು. ತೆರೆದಿರಲಿಲ್ಲ. ನನಗೆ ಸಿಕ್ಕಿದ್ದ ಅತ್ಯುತ್ತಮ ವೈದ್ಯನೂ ಅವರಲ್ಲಿದ್ದ. ಎರಡನೆಯ ಅಧ್ಯಾಯವನ್ನು ಸಾರಾಸಗಟಾಗಿ ಬೈದದ್ದು ನನ್ನ ತಪ್ಪು.

ಆದರೂ ಇದರಿಂದ ನನ್ನ ಪ್ರಶ್ನೆ ಇನ್ನಷ್ಟು ಮೊನಚಾಯಿತೇ ಹೊರತು ತೀರಲಿಲ್ಲ. 40 ಗಂಟೆಯಲ್ಲಿ ಎದ್ದು ಬಂದವರಿಗೆ ಅಧ್ಯಾಯದ ಬಡತನ ಕಾಣದೆ ಹೋಗಿದ್ದರೆ ಈ ಮಿಷನ್ ಕೂಡ ಕಾಣದೆ ಹೋಗಿರಬೇಕಲ್ಲವೇ? ದೋಷದ ಜೊತೆಗೆ ಗುಣವನ್ನೂ ಅವರು ಕಳೆದುಕೊಂಡಂತಾಯಿತು.

ಬರೆಯುವಾಗ ಹಳೇಬೀಡಿನ ಹೋಲಿಕೆ ಕೊಡೋಣವೆಂದುಕೊಂಡಿದ್ದೇನೆ. ಹೊಯ್ಸಳೇಶ್ವರ ದೇವಾಲಯಕ್ಕೆ ಇಂದು ಶಿಖರವಿಲ್ಲ, ಗೋಡೆಯ ಕೆತ್ತನೆ ನೋಡಿ ಬಂದವರಾರೂ ಅದಕ್ಕಾಗಿ ಗೊಣಗುವುದಿಲ್ಲ. ವಿಮರ್ಶಕರೂ ಗೋಡೆಗೆ ಅಂಕ ಕೊಟ್ಟರು ಎಂದು ಬರೆದರೆ ಹೇಗೆ?


ಬೆಳೆಗಾರ (ಮೂಡಿಗೆರೆ) ಬರೆದದ್ದು:

ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧಕ್ಕೆ ನಿಲ್ಲುತ್ತದೆ. ಹಳೇಬೀಡಿಗೆ ಹೋದವನಿಗೆ ಶಿಖರ ತೋರಿಸುತ್ತೇವೆಂದು ಬಾಗಿಲಲ್ಲಿ ಯಾರೂ ಹೇಳಿರುವುದಿಲ್ಲ. ಇಲ್ಲಿ ‘ಅಧ್ಯಾಯ 2’ ಎಂದು ಪರದೆ ತುಂಬ ಬರೆದು, ಟ್ರೇಲರ್ ತೋರಿಸಿ, ಆಮೇಲೆ ಹಳೆಯ ಗೋಡೆಯ ಕಡೆಗೇ ಕರೆದೊಯ್ದರು. ಆ ಒಂದು ಫಲಕವನ್ನು ಹಾಕದೆ, 31ರ ನಂತರದ್ದನ್ನೆಲ್ಲ ಬಿಡಿ ಬಿಡಿ ಕೆಲಸಗಳಾಗಿ ಸುಮ್ಮನೆ ಬಿಟ್ಟಿದ್ದರೆ, ಮುಗಿದಿಲ್ಲವೆಂಬ ದೂರಿನ ಅರ್ಧಭಾಗ ಹುಟ್ಟುತ್ತಲೇ ಇರಲಿಲ್ಲವೆಂಬುದು ನನ್ನ ಅನಿಸಿಕೆ. ಪಾಪ, 157 ಸೈಡ್ ಆಪ್‌ಗಳನ್ನು (ಕಥೆಯ ಹೊರಗಿನ ಬಿಡಿ ಕೆಲಸಗಳನ್ನು) ಮಾಡಿ ಮುಗಿಸಿದ ಎಷ್ಟೋ ಜನ ಪುನರಾವರ್ತನೆ ಎಂದು ಗೊಣಗಿದ್ದನ್ನು ನಾನು ಕೇಳಿಲ್ಲ. ಅಲ್ಲಿ ಯಾರೂ ಏನನ್ನೂ ಮಾತು ಕೊಟ್ಟಿರಲಿಲ್ಲ.

ಕಾಣದೆ ಹೋದ ಗುಣದ ಬಗ್ಗೆ ನೀವು ಹೇಳಿದ್ದು ನನಗೆ ಹೊಳೆದಿರಲಿಲ್ಲ. ಲೇಖನ ಅಲ್ಲಿಂದಲೇ ಆರಂಭವಾಗಲಿ. ಆದರೆ ಯಾರು ಎಲ್ಲಿಯವರೆಗೆ ಆಡಿದ್ದರೆಂದು ಅವರವರ ಬರಹದಲ್ಲೇ ಇದ್ದರೆ ಮಾತ್ರ ಹೆಸರು ಹಿಡಿದು ಹೇಳಿ. ಎಲ್ಲರನ್ನೂ ಒಂದೇ ದೊಡ್ಡಿಗೆ ಕೂಡಬೇಡಿ. ಕೊಟ್ಟ ಐದು ದಿನದ ಮೇಲೆ ತಮ್ಮ ಸ್ವಂತ ಸಮಯ ಹಾಕಿ ಆಡಿದವರೂ ಇರಬಹುದು.

ಸಣ್ಣ ತಿದ್ದುಪಡಿ: 93 ಎಂಬುದು ಪಿಎಸ್4ನ ಸರಾಸರಿ. ಮತ್ತೊಂದು ಆಟದ ಯಂತ್ರವಾದ ಎಕ್ಸ್‌ಬಾಕ್ಸ್ ಒನ್‌ನದು 95, ನೀವು ಆಡಿದ ಕಂಪ್ಯೂಟರ್ ಆವೃತ್ತಿಯದು 91. ಮೂರನ್ನೂ ಬರೆಯಿರಿ. ಬಿಡುಗಡೆಯಾದ ತಿಂಗಳಲ್ಲಿ, 29 ಮತ್ತು 42ನೆಯ ಮಿಷನ್ನುಗಳಿಗೆ ಕ್ವಾಯೆಟ್‌ಳನ್ನು ಜೊತೆಗೆ ಕರೆದೊಯ್ದವರ ಸೇವ್ ಫೈಲ್ (ಆಡಿದಷ್ಟನ್ನು ಉಳಿಸಿಡುವ ಕಡತ) ಕೆಡುವ ದೋಷವೊಂದು ಸುದ್ದಿಯಾಗಿ, ಆಮೇಲೆ ಸರಿಪಡಿಸಿದರು. ಮೊದಲ ವಿಮರ್ಶೆಗಳಲ್ಲಿ ಅದೂ ಸಿಗುವುದಿಲ್ಲ. ಪತ್ರಿಕೆ ಅಚ್ಚಾದ ಮೇಲೆ ಮೂಡಿಗೆರೆಗೆ ಎರಡು ಪ್ರತಿ ಕಳಿಸಿಕೊಡಿ. ಒಂದು ಹೇಗೂ ಇಲ್ಲಿಯ ತೇವಕ್ಕೆ ಹೋಗುತ್ತದೆ.